ಸಮನಾಗಿ ಸವೆಯುವ ಕಲೆ

ಎಸ್‌ಎಸ್‌ಡಿ ಕೊಳ್ಳಲು ಹೋದವರು ಅಂಗಡಿಯವನನ್ನು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಜಿಬಿ, ಎಷ್ಟು ಸ್ಪೀಡು? ಈ ಹುಚ್ಚು ಸ್ವಲ್ಪ ತಲೆಗೇರಿದವರು ಮೂರನೆಯದನ್ನೂ ಕೇಳುತ್ತಾರೆ: ಎಷ್ಟು ಬರೆದರೆ ಸಾಯುತ್ತದೆ? ಉತ್ತರ ಸಿಗುವುದು ಕಂಪನಿಯ ಡೇಟಾಶೀಟಿನಲ್ಲಿ, ಟಿಬಿಡಬ್ಲ್ಯು ಎಂಬ ಸಾಲಿನಲ್ಲಿ. ಸ್ಯಾಮ್‌ಸಂಗ್ 870 ಇವೊದ 1 ಟಿಬಿ ಡ್ರೈವಿಗೆ ಆ ಅಂಕಿ 600 ಟೆರಾಬೈಟ್. ಅಷ್ಟೇ ಜಾಗದ 870 ಕ್ಯುವೊಗೆ 360. ನಾನು ಮೊದಲು ನೋಡುವುದು ಈ ಸಾಲನ್ನೇ. ಸ್ಪೀಡು ಆಮೇಲೆ.

ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಮೆಮೊರಿಗೆ ಓದಿಸಿಕೊಳ್ಳುವುದು ಹೆಚ್ಚು ಕಷ್ಟವಲ್ಲ, ಅಳಿಸಿ ಬರೆಸಿಕೊಳ್ಳುವುದೇ ಕಷ್ಟ. ಪ್ರತಿ ಸಲವೂ ತೆಳ್ಳನೆಯ ಆಕ್ಸೈಡ್ ಪದರದ ಮೂಲಕ ಎಲೆಕ್ಟ್ರಾನ್‌ಗಳನ್ನು ತೂರಿಸಬೇಕು, ಪ್ರತಿ ಸಲವೂ ಆ ಪದರ ಒಂದಿಷ್ಟು ಕೆಡುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದ ಎಸ್‌ಎಲ್‌ಸಿ ಲಕ್ಷದಷ್ಟು ಸಲ ತಡೆದುಕೊಳ್ಳುತ್ತಿತ್ತು. ಮೂರು ಬಿಟ್ ತುರುಕುವ ಇಂದಿನ ಟಿಎಲ್‌ಸಿ ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರ ಸಲ. ಇದರ ಜೊತೆಗೆ ಇನ್ನೊಂದು ವಕ್ರತೆ: ಬ್ಲಾಕ್ ಎನ್ನುವ ಈ ಸ್ಲೇಟಿನ ಮೇಲೆ ಒಂದೊಂದೇ ಸಾಲು, ಅಂದರೆ ಪೇಜ್, ಬರೆಯಬಹುದು, ಅಳಿಸುವುದಾದರೆ ಇಡೀ ಸ್ಲೇಟನ್ನೇ ತೊಳೆಯಬೇಕು. ಅದಕ್ಕೇ ಡ್ರೈವಿನೊಳಗಿನ ಕಂಟ್ರೋಲರ್ ಹಳೆಯ ಜಾಗಕ್ಕೆ ಕೈಹಾಕದೆ, ಹೊಸ ಬರಹವನ್ನು ಖಾಲಿ ಇರುವ, ಕಡಿಮೆ ಸವೆದ ಬ್ಲಾಕಿಗೆ ಕಳಿಸಿ, ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ವೇರ್ ಲೆವೆಲಿಂಗ್ ಅಂದರೆ ಇದೇ.

ಇಷ್ಟು ಮಾಡಿದರೆ ಅರ್ಧ ಕೆಲಸ. ನಿಮ್ಮ ಮದುವೆಯ ವಿಡಿಯೊ ಕುಳಿತಿರುವ ಬ್ಲಾಕುಗಳಿವೆಯಲ್ಲ, ಅವು ವರ್ಷಗಟ್ಟಲೆ ಹೊಸದಾಗಿಯೇ ಉಳಿದು, ಹೊರೆಯೆಲ್ಲ ಮಿಕ್ಕವುಗಳ ಮೇಲೆ ಬೀಳುತ್ತದೆ. ಒಳ್ಳೆಯ ಕಂಟ್ರೋಲರ್ ಆ ವಿಡಿಯೊವನ್ನೇ ಸವೆದ ಬ್ಲಾಕಿಗೆ ಎತ್ತಂಗಡಿ ಮಾಡಿ, ತಾಜಾ ಬ್ಲಾಕನ್ನು ದುಡಿಮೆಗೆ ಹಚ್ಚುತ್ತದೆ. ಸ್ಟ್ಯಾಟಿಕ್ ವೇರ್ ಲೆವೆಲಿಂಗ್ ಎನ್ನುವ ಈ ಎರಡನೇ ಹಂತ ನಿಮ್ಮ ಅಗ್ಗದ ಮೆಮೊರಿ ಕಾರ್ಡಿನಲ್ಲಿ ಉಂಟೋ ಇಲ್ಲವೋ, ಅದರ ಪ್ಯಾಕೆಟ್ಟಂತೂ ಹೇಳುವುದಿಲ್ಲ.

ಈ ಕಲೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಫ್ಲ್ಯಾಶಿನದ್ದಲ್ಲ, ಬರೆದಷ್ಟೂ ಸವೆಯುವ ಇನ್ನೊಂದು ಬಗೆಯ ಮೆಮೊರಿಯಾದ ಫೇಸ್ ಚೇಂಜ್ ಮೆಮೊರಿಯದ್ದು. ಐಬಿಎಂನಲ್ಲಿದ್ದ ಮೊಯಿನುದ್ದೀನ್ ಖುರೇಷಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸ್ಟಾರ್ಟ್-ಗ್ಯಾಪ್ ವಿಧಾನ. ದೊಡ್ಡ ಪಟ್ಟಿ ಬೇಡ, ಎಣಿಕೆಗಳ ಲೆಕ್ಕಪುಸ್ತಕ ಬೇಡ. ಒಂದು ಸಾಲನ್ನು ಖಾಲಿ ಬಿಡುವುದು. ನೂರು ಬರಹಗಳಿಗೊಮ್ಮೆ ಪಕ್ಕದ ಸಾಲನ್ನು ಆ ಖಾಲಿ ಜಾಗಕ್ಕೆ ಸರಿಸುವುದು. ಖಾಲಿ ಜಾಗ ಹೀಗೆ ಸುತ್ತುತ್ತ ಹೋದಂತೆ ಎಲ್ಲ ಸಾಲುಗಳೂ ತಮ್ಮ ಸ್ಥಾನ ಬದಲಿಸಿರುತ್ತವೆ. ವಿಳಾಸಗಳನ್ನು ಮೊದಲೇ ಚೆನ್ನಾಗಿ ಕಲಸಿಬಿಟ್ಟರೆ, ಸಿಗಬಹುದಾದ ಗರಿಷ್ಠ ಆಯುಸ್ಸಿನ 5%ರಷ್ಟೇ ಸಿಗುತ್ತಿದ್ದ ಕಡೆ 97% ಸಿಗುತ್ತದೆ ಎಂದು ಅವರು ತೋರಿಸಿದರು. ಅದಕ್ಕೆ ಬೇಕಾದ ಹೆಚ್ಚುವರಿ ಜಾಗ 13 ಬೈಟಿಗೂ ಕಡಿಮೆ! ಇಂಥ ಜಿಪುಣತನಕ್ಕೆ ಕೈಮುಗಿಯಬೇಕು.

ಆದರೆ ಹಂಚಿಕೆ ಎಷ್ಟೇ ನ್ಯಾಯವಾಗಿದ್ದರೂ ಹೊರೆ ಕಡಿಮೆಯಾಗುವುದಿಲ್ಲ. ಅಮೆರಿಕದಲ್ಲಿ ಟೆಸ್ಲಾದ ಹಳೆಯ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ಪರದೆಯ ಹಿಂದೆ 8 ಜಿಬಿಯ ಒಂದು ಇಎಂಎಂಸಿ ಫ್ಲ್ಯಾಶ್ ಚಿಪ್ ಇತ್ತು. ಕಾರಿನ ಸಾಫ್ಟ್‌ವೇರ್ ಹಗಲೂ ರಾತ್ರಿ ಅದಕ್ಕೆ ಲಾಗ್ ಬರೆಯುತ್ತಿತ್ತು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಮುಂದೆ ಬಂದ ಲೆಕ್ಕ ಹೀಗಿತ್ತು: ಪ್ರತಿ ಬ್ಲಾಕಿಗೆ ದಿನಕ್ಕೆ 1.4 ಸಲ ಅಳಿಸಿ ಬರೆಯುವ ಕೆಲಸ, ತಾಳಿಕೆ 3,000 ಸಲ. ಭಾಗಿಸಿದರೆ ಐದಾರು ವರ್ಷ. ಚಿಪ್ ಸತ್ತಾಗ ಹಿಂಬದಿ ಕ್ಯಾಮೆರಾ ಹೋಯಿತು, ಗಾಜಿನ ಮಂಜು ತೆಗೆಯುವ ಗುಂಡಿಗಳು ಹೋದವು. 2021ರ ಫೆಬ್ರವರಿಯಲ್ಲಿ ಟೆಸ್ಲಾ ಸುಮಾರು 1.35 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಲಕ್ಷಾಂತರ ರೂಪಾಯಿಯ ಕಾರನ್ನು ಕೂರಿಸಿದ್ದು ಯಾರೂ ಓದದ ಲಾಗ್. ನನ್ನ ಪ್ರಕಾರ ಅದು ಚಿಪ್ಪಿನ ತಪ್ಪಲ್ಲ, ಬರೆಯುವ ಚಟದ ತಪ್ಪು.

ಮನೆಯಲ್ಲಿ ರಾಸ್‌ಬೆರಿ ಪೈ ಓಡಿಸುವವರಿಗೆ ಈ ಚಟ ಚೆನ್ನಾಗಿ ಗೊತ್ತು. ಲಾಗ್‌ಗಳನ್ನು ರ‍್ಯಾಮಿಗೆ ಬರೆಸಿ, ದಿನಕ್ಕೊಮ್ಮೆ ಕಾರ್ಡಿಗೆ ಇಳಿಸಿದರೆ ಸಾಕು. ಫೈಲ್ ತೆರೆದಾಗಲೆಲ್ಲ ಸಮಯ ದಾಖಲಿಸುವುದನ್ನು ನೋಎಟೈಮ್ ಎಂಬ ಮೌಂಟ್ ಆಯ್ಕೆ ಹಾಕಿ ನಿಲ್ಲಿಸಿ. ಸಿಸಿಟಿವಿಗೆ ಮಾಮೂಲಿ ಕಾರ್ಡು ಹಾಕಬೇಡಿ, ಸತತ ಬರವಣಿಗೆಗೆಂದೇ ಮಾಡಿದ ಹೈ ಎಂಡ್ಯೂರೆನ್ಸ್ ಕಾರ್ಡು ತನ್ನಿ. ಡಿಫ್ರ್ಯಾಗ್ ಮಾಡುವ ಹಳೆಯ ಅಭ್ಯಾಸ ಎಸ್‌ಎಸ್‌ಡಿಗೆ ವ್ಯರ್ಥ ಸವೆತ. ಡ್ರೈವನ್ನು ಕಂಠಪೂರ್ತಿ ತುಂಬಿಸಲೂ ಬೇಡಿ: ಖಾಲಿ ಜಾಗವಿಲ್ಲದ ಕಂಟ್ರೋಲರ್ ಒಂದು ಪೇಜ್ ಬರೆಯಲು ಹತ್ತು ಪೇಜ್ ಹೊತ್ತು ತಿರುಗಬೇಕಾದೀತು. ಟ್ರಿಮ್ ಚಾಲೂ ಇರಲಿ. ನೀವು ಅಳಿಸಿದ್ದು ಡ್ರೈವಿಗೂ ತಿಳಿಯಬೇಕಲ್ಲ.

ಡ್ರೈವಿನ ಸವೆತ ನೋಡಲು ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್, ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಎರಡೂ ಪುಕ್ಕಟೆ. ಈ ಭಾನುವಾರ ನಿಮ್ಮ ಡ್ರೈವ್ ಇದುವರೆಗೆ ಎಷ್ಟು ಟೆರಾಬೈಟ್ ಬರೆದಿದೆ ನೋಡಿ, ಡೇಟಾಶೀಟಿನ ಅಂಕಿಯ ಪಕ್ಕ ಇಟ್ಟು ಹೋಲಿಸಿ. ಬಹಳ ಮಂದಿಗೆ ಹೆದರುವ ಕಾರಣವೇ ಸಿಗಲಾರದು. ಸಿಕ್ಕವರು ಅಂದೇ ಬ್ಯಾಕಪ್ ತೆಗೆಯಿರಿ.