ಲುಪ್ತವಾದ ಒಂದು ಹಾಸ್ಯಚಿತ್ರ

ಕೃತಿಯು ಕಣ್ಮರೆಯಾದ ಬಳಿಕ ಅದರ ಕೀರ್ತಿಯು ಬೆಳೆಯುವುದುಂಟು. ‘ಕನ್ವೆನ್ಷನ್ ಸಿಟಿ’ ಎಂಬ ಅಮೆರಿಕದ ಹಾಸ್ಯಚಿತ್ರವು ಇದಕ್ಕೆ ನಿದರ್ಶನ. ಆರ್ಚಿ ಮೇಯೋ ನಿರ್ದೇಶಿಸಿ, ವಾರ್ನರ್ ಸಹೋದರರ ಸಂಸ್ಥೆಯು 1933ರ ಡಿಸೆಂಬರಿನಲ್ಲಿ ಹೊರತಂದ ಈ ಚಿತ್ರದ ಒಂದು ಪ್ರತಿಯೂ ಈವರೆಗೆ ದೊರೆತಿಲ್ಲ. ಸಂಗ್ರಾಹಕರಾದರೋ ಅದರ ಭಿತ್ತಿಪತ್ರಗಳನ್ನೂ ಸ್ಥಿರಚಿತ್ರಗಳನ್ನೂ ಅರಸುತ್ತಾರೆ. ಆ ಕಾಲದ ಚಿತ್ರಗಳಲ್ಲೆಲ್ಲ ಇದೇ ಅತ್ಯಂತ ನಿರ್ಲಜ್ಜವಾದುದೆಂದು ಕೊಂಡಾಡುತ್ತಾರೆ. ಕಾಣದುದನ್ನು ಕೊಂಡಾಡುವ ಈ ಮಾತಿಗೆ ಎಷ್ಟು ಬೆಲೆ?

ವಸ್ತುವು ಸರಳ. ರಬ್ಬರ್ ಕಂಪೆನಿಯೊಂದರ ಮಾರಾಟಗಾರರು ಅಟ್ಲಾಂಟಿಕ್ ಸಿಟಿಯಲ್ಲಿ ವಾರ್ಷಿಕ ಸಮ್ಮೇಳನಕ್ಕಾಗಿ ನೆರೆಯುತ್ತಾರೆ. ಅಲ್ಲಿ ಪಾನಗೋಷ್ಠಿ, ಮೇಲಿನ ಪದವಿಗಾಗಿ ಹೂಟ, ಪರಸ್ತ್ರೀಯರ ಬಲೆಗೆ ಬೀಳುವ ಗೃಹಸ್ಥರು. ಮಕ್ಕಳೆದುರು ಹೇಳತಕ್ಕ ಕಥೆಯಲ್ಲ, ದಿಟ. ಆದರೆ ಭಾಣ ಪ್ರಹಸನಗಳನ್ನು ಓದಿ ನಕ್ಕವರು ಇದಕ್ಕೆ ಮೂಗು ಮುರಿಯಲಾರರು.

1934ರ ಜುಲೈಯಿಂದ ಹಾಲಿವುಡ್ಡಿನ ನೀತಿಸಂಹಿತೆಯು ಬಿಗಿಯಾಗಿ ಜಾರಿಗೆ ಬಂದಮೇಲೆ ಇಂಥ ಚಿತ್ರಗಳಿಗೆ ಎಡೆಯಿಲ್ಲವಾಯಿತು. ಇದರ ಚಿತ್ರಕಥೆಯೇನೋ ಉಳಿದಿದೆ. ಅದನ್ನೋದಿ ಚಿತ್ರವನ್ನು ಅಳೆಯುವುದು ವಾಚಿಕವೊಂದರಿಂದಲೇ ಅಭಿನಯವನ್ನು ನಿರ್ಣಯಿಸಿದಂತೆ. ಜೋನ್ ಬ್ಲಾಂಡೆಲ್ಲಳ ಓರೆನೋಟವಾಗಲಿ, ಗೈ ಕಿಬ್ಬೀಯ ದುಂಡುಮುಖದ ಕಕ್ಕಾಬಿಕ್ಕಿಯಾಗಲಿ ಕಾಗದದ ಮೇಲೆ ಇಳಿಯತಕ್ಕವಲ್ಲ. ಅದೇ ವರ್ಷದ ‘ಗೋಲ್ಡ್ ಡಿಗ್ಗರ್ಸ್ ಆಫ್ 1933’ ಉಳಿದಿದೆ, ಇಬ್ಬರೂ ಅದರಲ್ಲಿದ್ದಾರೆ. ಮಾನವಂತನಾದ ವೃದ್ಧ ವಕೀಲನಾಗಿ ಕಿಬ್ಬೀ ಹೆಣ್ಣಿನ ಮುಖಸ್ತುತಿಗೆ ಬೆಣ್ಣೆಯಂತೆ ಕರಗುವುದನ್ನು ಅಲ್ಲಿ ನೋಡಿದವರಿಗೆ, ಲುಪ್ತ ಚಿತ್ರದಲ್ಲಿ ಕಳೆದುಹೋದುದು ಏನೆಂಬುದು ಹೊಳೆದೀತು. ಅದು ನಿರ್ಲಜ್ಜತೆಯಲ್ಲ, ಹಾಸ್ಯ.

ಸಂಗ್ರಾಹಕರ ತವಕವನ್ನು ಬರಿಯ ಚಪಲವೆನ್ನುವುದೂ ಅನ್ಯಾಯ. ಅದೇ ಸಂಸ್ಥೆಯ, ಅದೇ 1933ರ ‘ಬೇಬಿ ಫೇಸ್’ ಎಂಬ ಚಿತ್ರದ ಕತ್ತರಿಯಾಡದ ಪ್ರತಿಯು 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲೇ ಸಿಕ್ಕಿತು. ತನ್ನ ಚೆಲುವನ್ನು ಆಯುಧವಾಗಿಸಿ ಗಂಡಸರನ್ನು ಆಳೆಂದು ನಾಯಿಕೆಗೆ ವೃದ್ಧನೊಬ್ಬನು ನೀಡುವ ಉಪದೇಶವನ್ನು ಹಿಂದೆ ಸದುಪದೇಶವಾಗಿ ತಿದ್ದಿಬಿಟ್ಟಿದ್ದರು. ಕತ್ತರಿಯು ಕಳೆದದ್ದು ಒಂದೆರಡು ತುಂಟ ದೃಶ್ಯಗಳನ್ನಷ್ಟೇ ಅಲ್ಲ. ಚಿತ್ರದ ಅಭಿಪ್ರಾಯವನ್ನೇ ತಿರುಚಿತ್ತು.

‘ಚತುರ್ಭಾಣಿ’ಯ ನಾಲ್ಕು ಭಾಣಗಳು ತಾಳೆಗರಿಯಲ್ಲಿ ಕಾದಿದ್ದು 1922ರಲ್ಲಿ ಅಚ್ಚಾಗಿ ಬೆಳಕು ಕಂಡವು. ನೈಟ್ರೇಟ್ ಫಿಲ್ಮಿಗೆ ಅಷ್ಟು ತಾಳ್ಮೆಯಿಲ್ಲ. ಬೇಗ ಬೆಂಕಿ ಹತ್ತುವ ಆ ಸುರುಳಿಯು, ಬೆಂಕಿ ತಗಲದಿದ್ದರೂ ಡಬ್ಬಿಯೊಳಗೆ ಅಂಟಂಟಾಗಿ ಕಡೆಗೆ ಪುಡಿಯಾಗುತ್ತದೆ. ‘ಕನ್ವೆನ್ಷನ್ ಸಿಟಿ’ಯ ಸುರುಳಿಯೊಂದು ಯಾರದಾದರೂ ಅಟ್ಟದ ಮೇಲಿದ್ದರೆ ಅದಕ್ಕೀಗ ತೊಂಬತ್ತು ವರ್ಷ ಮೀರಿದೆ.