ಕ್ರೆಮೋನಾ ನಗರದ ಪಿಟೀಲು ನಿರ್ಮಾಣ: ಸಂಪ್ರದಾಯವಿಚ್ಛೇದ ವಿಮರ್ಶೆ

ಇಟಲಿ ದೇಶದ ಕ್ರೆಮೋನಾ ನಗರವು ಪಿಟೀಲಿನ ತವರೆಂದು ಲೋಕಪ್ರಸಿದ್ಧವಾಗಿರುವುದಷ್ಟೆ. 16ನೆಯ ಶತಮಾನದಲ್ಲಿ ಆಂದ್ರೆಯಾ ಅಮಾತಿಯು ಅಲ್ಲಿ ಈ ವಾದ್ಯದ ರೂಪವನ್ನು ನೆಲೆಗೊಳಿಸಿದನು. ಆಂತೋನಿಯೊ ಸ್ತ್ರಾದಿವಾರಿ (ಮರಣ 1737), ಗ್ವಾರ್ನೇರಿ ದೆಲ್ ಜೆಸು (1698–1744) ಇವರಲ್ಲಿ ಆ ವಿದ್ಯೆಯು ಪರಾಕಾಷ್ಠೆಯನ್ನು ಮುಟ್ಟಿತು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಇದರಿಂದ, ಅಮಾತಿಯು ಮೊದಲಾಗಿ ಇಂದಿನವರೆಗೆ ಗುರುಶಿಷ್ಯಕ್ರಮವು ಎಡೆಬಿಡದೆ ನಡೆದುಬಂದಿರುವುದೆಂದು ಹಲವರು ಭಾವಿಸುವರು. ಈ ಮತವು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಗ್ವಾರ್ನೇರಿಯ ತರುವಾಯ ಆ ಧಾರೆಯು ಕ್ರಮೇಣ ಕ್ಷೀಣಿಸಿತು. ಸ್ತೊರಿಯೋನಿ, ಚೆರೂತಿ ಮೊದಲಾದವರು ಅದನ್ನು ಕೆಲಕಾಲ ಉಳಿಸಿದರಾದರೂ 1883ರಲ್ಲಿ ಎನ್ರಿಕೊ ಚೆರೂತಿಯು ತೀರಿಕೊಂಡ ಮೇಲೆ ಅದು ಬಹುಮಟ್ಟಿಗೆ ಬತ್ತಿತು. ಸ್ತ್ರಾದಿವಾರಿಯ ಅಚ್ಚುಗಳೂ ಉಪಕರಣಗಳೂ ಅದಕ್ಕೆ ಬಹು ಮುಂಚೆಯೇ, 1775–76ರಲ್ಲಿ, ಅವನ ಮಗನಿಂದ ಕೋಜಿಯೊ ಎಂಬ ಸಿರಿವಂತ ಸಂಗ್ರಾಹಕನಿಗೆ ವಿಕ್ರಯವಾಗಿ ಊರನ್ನೇ ಬಿಟ್ಟಿದ್ದವು. 1920ರಲ್ಲಿ ಜುಸೆಪ್ಪೆ ಫಿಯೊರೀನಿ ಎಂಬ ಪಿಟೀಲುಶಿಲ್ಪಿಯು ಅವನ್ನು ಕೊಂಡು, 1930ರಲ್ಲಿ ನಗರಕ್ಕೆ ದಾನಮಾಡಿದನು. 1938ರಲ್ಲಿ ಅಲ್ಲಿ ಪಾಠಶಾಲೆಯು ಸ್ಥಾಪಿತವಾಯಿತು. ನ್ಯೂಯಾರ್ಕಿನಲ್ಲಿ ಕೆಲಸಮಾಡಿದ ಸಕ್ಕೋನಿಯು ಆ ಅವಶೇಷಗಳನ್ನು ಅಭ್ಯಸಿಸಿ 1972ರಲ್ಲಿ ಪ್ರಕಟಿಸಿದ ಗ್ರಂಥವು ಹೊಸ ಶಿಲ್ಪಿಗಳಿಗೆ ದಾರಿ ತೋರಿತು. ಒಳಗಿನ ಅಚ್ಚಿನ ಸುತ್ತಲೂ ಪಕ್ಕೆಗಳನ್ನು ಬಾಗಿಸುವ ಹಳೆಯ ವಿಧಾನವು ಹೀಗೆ ಪುನಃ ಬೇರೂರಿತು.

ಹಾಗಾದರೆ ಇದು ಸಂಪ್ರದಾಯವೇ ಅಲ್ಲವೆಂದು ಆಕ್ಷೇಪಿಸಬಹುದು. ಅದೂ ಯುಕ್ತವಲ್ಲ. ಪತಂಜಲಿಯ ಶಿಷ್ಯರಿಂದ ಜಾರಿಹೋದ ವ್ಯಾಕರಣಾಗಮವು ದಾಕ್ಷಿಣಾತ್ಯರಲ್ಲಿ ಗ್ರಂಥಮಾತ್ರವಾಗಿ ಉಳಿದಿದ್ದಿತೆಂದೂ, ಚಂದ್ರಾಚಾರ್ಯಾದಿಗಳು ಅದನ್ನು ಪರ್ವತದಿಂದ ಪಡೆದು ಮತ್ತೆ ಬಹುಶಾಖೆಯಾಗಿ ಹರಡಿದರೆಂದೂ ಭರ್ತೃಹರಿಯು ವಾಕ್ಯಪದೀಯದ ದ್ವಿತೀಯಕಾಂಡದ ಕೊನೆಯಲ್ಲಿ ಹೇಳಿರುವನು. ವಿಚ್ಛೇದವನ್ನು ಆತನು ಮರೆಮಾಚಲಿಲ್ಲ; ಅದರಿಂದ ವ್ಯಾಕರಣದ ಗೌರವಕ್ಕೆ ಕುಂದು ಬರಲೂ ಇಲ್ಲ.

ಅವಿಚ್ಛಿನ್ನತೆಯ ಮೋಹದಿಂದಲೇ "ಗುಪ್ತ ಮೆರುಗೆಣ್ಣೆ"ಯ ಕಥೆಯೂ ಬೆಳೆಯಿತು. 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಸ್ತ್ರಾದಿವಾರಿಯ 5 ವಾದ್ಯಗಳ ಲೇಪದಲ್ಲಿ ಕಂಡುಬಂದುದು ಎಣ್ಣೆ, ಮರದ ರಾಳ, ಆ ಕಾಲದ ಚಿತ್ರಕಾರರೂ ಬಳಸುತ್ತಿದ್ದ ಬಣ್ಣಗಳು, ಇಷ್ಟೆ. 2012ರಲ್ಲಿ ಪ್ಯಾರಿಸಿನಲ್ಲಿ 10 ಮಂದಿ ನಿಪುಣ ವಾದಕರಿಗೆ, ಯಾವುದು ಹಳೆಯದೆಂಬುದು ತಿಳಿಯದಂತೆ, 6 ಹಳೆಯ ಮತ್ತು 6 ಹೊಸ ಪಿಟೀಲುಗಳನ್ನು ಕೊಡಲಾಗಿ, 6 ಮಂದಿ ಹೊಸದನ್ನೇ ಆರಿಸಿಕೊಂಡರು. ಕಳೆದುಹೋದ ಮಂತ್ರವೊಂದು ಇದ್ದಿತೆಂಬ ನಂಬಿಕೆಗೆ ಆಧಾರವು ಇದರಿಂದ ಇನ್ನಷ್ಟು ಸಡಿಲವಾಯಿತು.

ಆದುದರಿಂದ ಕ್ರೆಮೋನಾದ ನಿಜವಾದ ಕೀರ್ತಿಯು ಎರಡು ಬಗೆ: ಒಮ್ಮೆ ಸೃಷ್ಟಿಸಿದುದು, ಕಡಿದ ಮೇಲೆ ಮತ್ತೆ ಕಟ್ಟಿದುದು. ಮೊದಲನೆಯದನ್ನೇ ಹೊಗಳುವವರು ಎರಡನೆಯವರಿಗೆ ಸಲ್ಲತಕ್ಕ ಋಣವನ್ನು ಅಪಹರಿಸುವರು. ಉಪಕರಣವು ಪೆಟ್ಟಿಗೆಯಲ್ಲಿ ಉಳಿದೀತು. ಕೈಯ ಅರಿವು ಶಿಷ್ಯನಿಲ್ಲದೆ ಒಂದು ತಲೆಮಾರೂ ಉಳಿಯದು. ನಮ್ಮ ವಿದ್ಯೆಗಳೂ ಅವಿಚ್ಛಿನ್ನವೆಂದು ಹೇಳಿಕೊಳ್ಳುವ ನಾವು, ಎಲ್ಲಿ ಕಡಿದಿದೆಯೆಂಬುದನ್ನು ಮೊದಲು ಪರಿಶೀಲಿಸುವುದು ಲೇಸು. ಕಡಿದ ಸ್ಥಳವನ್ನು ಅರಿಯದವನು ಕೂಡಿಸಲಾರನು.