ಕೆಳದಿಯ ಸೀಮೆಯ ಉಡಿಗೆ: ಗ್ರಂಥಸಾಕ್ಷ್ಯದ ವಿಮರ್ಶೆ

ಮಲೆನಾಡಿನ ಉಡಿಗೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಮಳೆಯದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೇವದಲ್ಲಿ ಹಳೆಯ ಅರಿವೆ ಬಹುಕಾಲ ಉಳಿಯದು. ಅಯರ್ಲೆಂಡೂ ಮಳೆಯ ನಾಡೇ. ಆದರೆ ಅಲ್ಲಿಯ ಜೌಗುನೆಲವು ಉಣ್ಣೆಯ ಉಡಿಗೆಗಳನ್ನು ಶತಮಾನಗಳವರೆಗೆ ಕೆಡದಂತೆ ಕಾದುಕೊಟ್ಟಿದೆ. ಈ ಸೀಮೆಗೆ ಅಂತಹ ಭಾಗ್ಯವಿಲ್ಲದುದರಿಂದ ಗ್ರಂಥ ಶಿಲ್ಪಗಳೇ ಆಧಾರ. ಆದಕಾರಣ ಅವುಗಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ವಿಚಾರಣೀಯ.

ಕೆಳದಿಯ ಬಸವರಾಜನು 1709ರಲ್ಲಿ ರಚಿಸಿದ ಸಂಸ್ಕೃತ 'ಶಿವತತ್ತ್ವರತ್ನಾಕರ'ವು ಸಕಲವಿದ್ಯೆಗಳ ಕೋಶ. ಅದು ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ಕ್ಕೆ ಬಹಳವಾಗಿ ಋಣಿಯಾಗಿದೆ. 12ನೆಯ ಶತಮಾನದ ಆ ಚಾಲುಕ್ಯಗ್ರಂಥದ ವಸ್ತ್ರೋಪಭೋಗ ಪ್ರಕರಣವು ಅರಸನು ಋತುಭೇದಕ್ಕೆ ತಕ್ಕಂತೆ ಉಡತಕ್ಕ ಬಟ್ಟೆಗಳನ್ನು ವಿಧಿಸುತ್ತದೆ. ವಿಧಿ ಬೇರೆ, ವರದಿ ಬೇರೆ. ಈ ಪರಂಪರೆಯ ಮಾತನ್ನು ಹಿಡಿದು ಬಿದನೂರಿನ ಪೇಟೆಯಲ್ಲಿ ಜನರು ಹೀಗೆಯೇ ಉಟ್ಟಿದ್ದರೆಂದು ಹೇಳುವುದು ಸಾಹಸವೇ ಸರಿ.

ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಬರೆದಿಟ್ಟುದು ಬೇರೆ ಬಗೆಯದು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಅವನು ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದನು. ಬೀದಿಯಲ್ಲಿ ಬಣ್ಣದ ಕೋಲು ಹೊಯ್ಯುತ್ತ ಕುಣಿದ ಹುಡುಗಿಯರಿಗೆ ಸೊಂಟದ ಕೆಳಗೆ ರೇಷ್ಮೆಯ ಉಡಿಗೆ. ಮೇಲೆ ಕೆಲವರಿಗೆ ಪಟ್ಟೆಪಟ್ಟೆಯ ಕುಪ್ಪಸ, ಕೆಲವರಿಗೆ ಅದೂ ಇಲ್ಲ. ತಲೆಯಲ್ಲಿ ಹಳದಿ ಬಿಳಿ ಹೂಗಳ ಎತ್ತರದ ಮುಡಿ. ಇಲ್ಲಿಯವರಿಗೆ ನಿತ್ಯಪರಿಚಿತವಾದುದೇ ಅವನಿಗೆ ಬರೆಯತಕ್ಕ ವಿಷಯವಾಯಿತು. ಆದರೂ ಅವನು ಕಂಡುದು ಕುಣಿತದ ಸಿಂಗಾರ, ಗದ್ದೆಯ ಉಡಿಗೆಯಲ್ಲ.

ಇಕ್ಕೇರಿಯ ಅಘೋರೇಶ್ವರ ದೇಗುಲದ ನೆಲದ ಮೇಲೆ ನಮಸ್ಕರಿಸುವ ಮೂವರು ನಾಯಕರ ರೂಪಗಳಿವೆ. ಕಲ್ಲಿನಿಂದ ಉಡಿಗೆಯ ಆಕಾರ ತಿಳಿದೀತು. ನೂಲೂ ಬಣ್ಣವೂ ತಿಳಿಯವು. ಅಲ್ಲಿಯೂ ಸ್ಥಾನ ದೊರೆತುದು ಆಳುವವರಿಗೆ.

ಹೀಗೆ ಶತಮಾನಗಳ ಸಾಕ್ಷ್ಯದಲ್ಲಿ ಕಾಣದೆ ಹೋದವನು ದುಡಿಯುವವನು. ಅವನ ಕಂಬಳಿಕೊಪ್ಪೆ, ಅಡಕೆಯ ಹಾಳೆಯ ಟೊಪ್ಪಿ, ನಾಟಿಯ ಹೆಂಗಸರ ಗೊರಬು ಇವು ಯಾವ ಉಪಭೋಗಪ್ರಕರಣಕ್ಕೂ ಸೇರತಕ್ಕವಲ್ಲ. ತೀರ್ಥಹಳ್ಳಿ ಸೀಮೆಯ ಈ ಜನರಿಗೆ ಗದ್ಯದಲ್ಲಿ ವಿಸ್ತಾರವಾದ ಎಡೆ ದೊರೆತುದು ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936), 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿ. ಅಲ್ಲಿ ಉಡಿಗೆ ಅಲಂಕಾರವಲ್ಲ. ಒಡೆಯನಾರು, ಆಳಾರು ಎಂಬುದರ ಗುರುತು. ಆದರೆ ಎರಡನೆಯ ಕೃತಿಯ ಕಾಲ 19ನೆಯ ಶತಮಾನದ ಕೊನೆ. ಲೇಖಕರು ಹುಟ್ಟಿದುದು 1904ರಲ್ಲಿ. ಆ ಸಾಕ್ಷ್ಯ ಕಣ್ಣಿನದಲ್ಲ, ಮನೆತನದ ನೆನಪಿನದು ಎಂಬುದನ್ನು ಮರೆಯಬಾರದು.

ಉಡಿಗೆಯನ್ನೇ ವರ್ಣಿಸಹೊರಟ ಗ್ರಂಥಕ್ಕಿಂತ, ಬೇರೇನನ್ನೋ ಹೇಳುತ್ತ ಉಡಿಗೆಯನ್ನು ಹೆಸರಿಸುವ ಗ್ರಂಥವು ಚರಿತ್ರಕಾರನಿಗೆ ಹೆಚ್ಚು ನೆರವಾಗುತ್ತದೆಂದು ಇದರಿಂದ ತೋರುತ್ತದೆ. ಈಗ ಗದ್ದೆಗಳಲ್ಲಿ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ಗೊರಬನ್ನು ಹೆಣೆಯುವ ಕೈ ನಿಂತರೆ ಅದರ ಭಾಗಗಳ ಹೆಸರುಗಳೂ ನಿಲ್ಲುತ್ತವೆ. ಅರಿವೆಯನ್ನು ಮಳೆ ಉಳಿಸಲಿಲ್ಲ; ಮಾತನ್ನಾದರೂ ಉಳಿಸಿಕೊಳ್ಳುವುದು ವಿದ್ವಾಂಸರ ಕೈಯಲ್ಲಿದೆ.